ಕಾನ್ಸೆಪ್ಟ್ ಆರ್ಟ್ ಅಂದ್ರೆ ಬರೀ ಚಂದದ ಚಿತ್ರ ಅಲ್ಲ

ನಮ್ಮ ಗ್ಯಾಂಗಿನಲ್ಲಿ ಅಂಕೋಲಾ ತಾಲೂಕಿನ ಭಾವಿಕೇರಿಯವನೊಬ್ಬ ಇದ್ದಾನೆ. ಓದೋದು ಮೆಕ್ಯಾನಿಕಲ್. ಲ್ಯಾಬ್ ರೆಕಾರ್ಡಿನ ಹಿಂಬದಿ ಪೂರ್ತಿ ಡ್ರ್ಯಾಗನ್ನು, ಕೋಟೆ, ಕತ್ತಿ ಹಿಡಿದ ವೀರರು. ಗೇಮ್ ಕಂಪನಿಯಲ್ಲಿ ಕಾನ್ಸೆಪ್ಟ್ ಆರ್ಟಿಸ್ಟ್ ಆಗಬೇಕು ಅನ್ನೋದು ಅವನ ಆಸೆ. ರಜೆಯಲ್ಲಿ ಅವನ ಮನೆಗೆ ಹೋದಾಗ ಅವನ ಅಮ್ಮ ನಮ್ಮನ್ನೇ ಕೇಳಿದರು: "ಹೌದನಾ ತಮಾ, ಚಿತ್ರ ಬರದ್ರೆ ಸಂಬಳ ಯಾರು ಕೊಡ್ತರು?" ನಮ್ಮಲ್ಲಿ ಒಬ್ಬರಿಗೂ ನೆಟ್ಟಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸಿನಿಮಾ ಅಥವಾ ಗೇಮ್ ತಯಾರಾಗುವ ಮೊದಲು ಅದರ ಊರು, ಉಡುಪು, ಆಯುಧ, ಬೆಳಕು ಹೇಗಿರಬೇಕು ಎಂದು ಬರೆದು ತೋರಿಸುವುದೇ ಕಾನ್ಸೆಪ್ಟ್ ಆರ್ಟ್. ಸೆಟ್ ಹಾಕುವವರು, ಬಟ್ಟೆ ಹೊಲಿಯುವವರು, ತ್ರೀಡಿ ಮಾಡುವವರು ಎಲ್ಲರೂ ನೋಡುವುದು ಅದನ್ನೇ. ನಮ್ಮ ವರ್ಕ್‌ಶಾಪಿಗೆ ಡ್ರಾಯಿಂಗ್ ಇದ್ದಂತೆ. 1975ರಲ್ಲಿ ರಾಲ್ಫ್ ಮೆಕ್ವಾರಿ 'ಸ್ಟಾರ್ ವಾರ್ಸ್'ಗೆ ಚಿತ್ರ ಬರೆಯುವಾಗ, ಡಾರ್ತ್ ವೇಡರ್ ಒಂದು ಹಡಗಿನಿಂದ ಇನ್ನೊಂದಕ್ಕೆ ಗಾಳಿಯಿಲ್ಲದ ಬಾಹ್ಯಾಕಾಶ ದಾಟಿ ಬರಬೇಕಿತ್ತು. ಹಾಗಾದರೆ ಉಸಿರಾಡೋದು ಹೇಗೆ? ಆ ಪ್ರಶ್ನೆಯಿಂದ ಹುಟ್ಟಿದ್ದು ಜಗತ್ತಿಗೇ ಪರಿಚಿತವಾದ ಆ ಮುಖವಾಡ.

ಇದನ್ನು ಓದಿದ ಮೇಲೆ ಗೆಳೆಯನ ಒಂದು ಚಿತ್ರವನ್ನು ಮತ್ತೆ ತೆಗೆದು ನೋಡಿದೆವು. ಹೋಳಿ ಹೊತ್ತಿಗೆ ಅಂಕೋಲಾ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಇರುತ್ತದಲ್ಲ, ತಲೆ ಮೇಲೆ ಬಣ್ಣಬಣ್ಣದ ಹೂವಿನ ತುರಾಯಿ, ಕೈಯಲ್ಲಿ ಕೋಲು, ನವಿಲುಗರಿಯ ಕುಂಚ. ಆ ತುರಾಯಿಯನ್ನು ಇವನು ಒಬ್ಬ ವಿಲನ್ ತಲೆಗೆ ಹಾಕಿದ್ದ. ನೋಡಲು ಭರ್ಜರಿ. ಆದರೆ ಅದರ ಭಾರ ಎಷ್ಟು, ಮನೆಮನೆಗೆ ಹೋಗಿ ಕುಣಿದರೂ ಬೀಳದಂತೆ ಹೇಗೆ ಕಟ್ಟುತ್ತಾರೆ ಎಂದರೆ ಚಿತ್ರದಲ್ಲಿ ಉತ್ತರವಿಲ್ಲ. ಚಿಕ್ಕಂದಿನಿಂದ ನೋಡಿದವನಿಗೂ ಗೊತ್ತಿಲ್ಲ! ಇನ್ನೊಂದು ಮಾತು: ಸುಗ್ಗಿ ಅವರಿಗೆ ಬರೀ ಕುಣಿತವಲ್ಲ, ದೇವರ ಕೆಲಸವೂ ಹೌದು. ಕಟ್ಟುವವರನ್ನು ಒಂದು ಮಾತೂ ಕೇಳದೆ ಅದನ್ನು ವಿಲನ್‌ಗೆ ತೊಡಿಸಿದ್ದು ನಮಗ್ಯಾಕೋ ಸರಿ ಕಾಣಲಿಲ್ಲ. ಅವನೂ ಒಪ್ಪಿಕೊಂಡ, ಸ್ವಲ್ಪ ಜಗಳ ಆಡಿದ ಮೇಲೆ.

ಎಕ್ಸ್‌ಪೀರಿಯೆನ್ಸ್ ಡಿಸೈನ್ ಇದರ ಮುಂದಿನ ಮನೆ. ಇಲ್ಲಿ ನೋಡುವವನೇ ಒಳಗೆ ನಡೆದು ಹೋಗುತ್ತಾನೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಇದೆ. 2005ರಲ್ಲಿ ನೌಕಾಪಡೆಯಿಂದ ನಿವೃತ್ತಿಯಾದ ಕ್ಷಿಪಣಿ ದೋಣಿ, 2006ರಿಂದ ಸಂಗ್ರಹಾಲಯ. ಇಕ್ಕಟ್ಟಿನ ದಾರಿಯಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದರೆ ನಾವಿಕರ ಬೊಂಬೆಗಳು ಎದುರಾಗುತ್ತವೆ. ಬೋರ್ಡ್ ಓದದಿದ್ದರೂ ಅಲ್ಲಿನ ಬದುಕು ಮೈಗೆ ತಿಳಿಯುತ್ತದೆ. ಹೀಗೇ 1930ರ ಏಪ್ರಿಲ್ 13ರ ಅಂಕೋಲಾ ಉಪ್ಪಿನ ಸತ್ಯಾಗ್ರಹವನ್ನು ತೋರಿಸುವುದಾದರೆ? ನೋಡುಗನನ್ನು ಮುಂದಾಳು ಎಂ. ಪಿ. ನಾಡಕರ್ಣಿಯವರ ಪಕ್ಕ ನಿಲ್ಲಿಸೋಣವೋ, ಏನಾಗುತ್ತದೋ ಕಾಣದ ಜನಜಂಗುಳಿಯ ಹಿಂದೆಯೋ? ನಮ್ಮ ಓಟು ಹಿಂದಕ್ಕೆ. ಕತ್ತು ಚಾಚಿ ನೋಡಿದರೇನೇ ಮಜಾ.

ಓದುವ ದಾರಿ ಇಂಜಿನಿಯರುಗಳಿಗೆ ಮುಚ್ಚಿಲ್ಲ. ಐಐಟಿ ಬಾಂಬೆ ನಡೆಸುವ ಸೀಡ್ ಪರೀಕ್ಷೆಯನ್ನು ಯಾವ ಬ್ರಾಂಚಿನವರೂ ಬರೆಯಬಹುದು. ಕೈಯಲ್ಲಿ ಸ್ಕೆಚ್ ಮಾಡುವ ಭಾಗವೂ ಅದರಲ್ಲಿದೆ. ಎನ್‌ಐಡಿಗೆ ಬೇರೆ ಪ್ರವೇಶ ಪರೀಕ್ಷೆ; ಅದರ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಕಲಿಸುತ್ತಾರೆ. ಪೋರ್ಟ್‌ಫೋಲಿಯೋದಲ್ಲಿ ಮುಗಿದ ಚಿತ್ರದ ಜೊತೆ ಕೆಟ್ಟ ಸ್ಕೆಚ್ಚುಗಳೂ ಇರಲಿ. ಚಂದದ ಚಿತ್ರವನ್ನು ಈಗ ಎಐ ಕೂಡ ಕ್ಷಣದಲ್ಲಿ ಕೊಡುತ್ತದೆ, ನೀವು ಹೇಗೆ ಯೋಚಿಸಿದಿರಿ ಅನ್ನೋದು ಆ ಕೆಟ್ಟ ಸ್ಕೆಚ್ಚುಗಳಲ್ಲೇ ಕಾಣೋದು.

ಸಂಬಳ ಕೊಡುವವರು ಗೇಮ್ ಸ್ಟುಡಿಯೋ, ಸಿನಿಮಾ, ಥೀಮ್ ಪಾರ್ಕ್, ಸಂಗ್ರಹಾಲಯದವರು ಅಂತ ಅಮ್ಮನಿಗೆ ಫೋನ್ ಮಾಡಿ ಹೇಳಿದೆವು. ಸಿಕ್ಕೇ ಸಿಗುತ್ತದೆ ಅಂತ ಮಾತ್ರ ಹೇಳಲಿಲ್ಲ. ಗೆಳೆಯ ಬರುವ ಸುಗ್ಗಿಗೆ ಊರಿಗೆ ಹೋಗಿ, ಒಪ್ಪಿದರೆ ತುರಾಯಿ ಕಟ್ಟುವವರ ಪಕ್ಕ ಕೂತು ಬರೆಯುತ್ತಾನಂತೆ. ಅಮ್ಮನ ಸಮಾಧಾನಕ್ಕೆ ಗೇಟ್ ಫಾರ್ಮನ್ನೂ ತುಂಬಿದ್ದಾನೆ.