ನೆರಳಿನ ಬಟ್ಟೆಯ ಮೇಲೆ ಬಿಸಿಲಿನ ಬೆಳೆ

ಕೆರಿಬಿಯನ್ ದ್ವೀಪಗಳ ಕೊಲ್ಲಿಗಳಲ್ಲಿ ಲಂಗರು ಹಾಕಿದ ಹಾಯಿದೋಣಿಗಳ ಮೇಲೆ ಈಗ ಸೋಲಾರ್ ಫಲಕಗಳು ಮಾಮೂಲು ನೋಟ. ಚುಕ್ಕಾಣಿ ಹಿಡಿದವರಿಗೆ ನೆರಳಾಗಲೆಂದು ಲೋಹದ ಕೊಳವೆಗಳ ಚೌಕಟ್ಟಿಗೆ ಬಿಗಿಯುವ ಕ್ಯಾನ್ವಾಸ್ ಚಪ್ಪರಕ್ಕೆ ‘ಬಿಮಿನಿ’ ಎಂದು ಹೆಸರು. ದಿನವಿಡೀ ಬಿಸಿಲಿಗೆ ಮೈಯೊಡ್ಡುವ ಈ ಬಟ್ಟೆಯೇ ವಿದ್ಯುತ್ತಿಗೂ ತಕ್ಕ ಜಾಗ.

ಗಾಜಿನ ಫಲಕದ ಭಾರವನ್ನು ಬಟ್ಟೆ ತಾಳದು. 100 ವಾಟ್‌ನ ಗಾಜಿನ ಫಲಕ ಆರೇಳು ಕಿಲೋ ತೂಗಿದರೆ, ಪ್ಲಾಸ್ಟಿಕ್ ಪದರಗಳ ನಡುವೆ ಸಿಲಿಕಾನ್ ಕೋಶಗಳನ್ನು ಕೂರಿಸಿದ ಬಾಗುವ ಫಲಕದ ತೂಕ ಸುಮಾರು 2 ಕಿಲೋ.

ಕೂರಿಸುವುದು ಹೇಗೆ? ಜಿಪ್ಪಿನ ಒಂದು ಭಾಗವನ್ನು ಫಲಕದ ಅಂಚಿಗೆ, ಇನ್ನೊಂದನ್ನು ಕ್ಯಾನ್ವಾಸಿಗೆ ಹೊಲಿಯುವುದು ಭದ್ರವಾದ ವಿಧಾನ. ವೆಲ್‌ಕ್ರೋ, ಒತ್ತುಗುಂಡಿಗಳೂ ಬಳಕೆಯಲ್ಲಿವೆ. ಬಿರುಗಾಳಿಯ ಮುನ್ಸೂಚನೆ ಸಿಕ್ಕರೆ ಫಲಕವನ್ನು ಬೇಗ ಕಳಚಿ ಒಳಗಿಡಬಹುದು. ಸೂಜಿ ಮಾತ್ರ ಕೋಶಗಳಿಗೆ ತಾಗಕೂಡದು. ದಾರ ನೇರಳಾತೀತ ಕಿರಣಗಳನ್ನು ತಾಳುವಂಥದ್ದಿರಬೇಕು. ಬಟ್ಟೆಯೂ ಬಿಗಿಯಾಗಿರಬೇಕು. ಗಾಳಿಗೆ ಪಟಪಟ ಬಡಿದರೆ ಕೋಶಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡುತ್ತದೆ.

ಇನ್ನೆರಡು ಶತ್ರುಗಳೆಂದರೆ ಶಾಖ ಮತ್ತು ನೆರಳು. ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಉತ್ಪಾದನೆ ಶೇ. 0.3ರಿಂದ 0.4ರಷ್ಟು ಕುಗ್ಗುತ್ತದೆ. ಹಾಯಿಯ ಅಡ್ಡಗಂಬದ ಕಿರಿದಾದ ನೆರಳೂ ಫಲಕದ ಬಹುಪಾಲು ಉತ್ಪಾದನೆಯನ್ನು ನುಂಗಬಲ್ಲದು. ಹಾಗಾಗಿ ಒಂದು ಬದಿಯ ನೆರಳು ಇನ್ನೊಂದು ಬದಿಯ ಉತ್ಪಾದನೆಗೆ ತಟ್ಟದಂತೆ ಎಡ-ಬಲದ ಫಲಕಗಳಿಗೆ, ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹದದಲ್ಲಿಡುವ ಚಾರ್ಜ್ ನಿಯಂತ್ರಕವನ್ನು ಬೇರೆ ಬೇರೆಯಾಗಿ ಇಡುವುದು ಜಾಣತನ.

ಒಳ್ಳೆಯ ಬಿಸಿಲಿನಲ್ಲಿ 100 ವಾಟ್ ಫಲಕವೊಂದು ದಿನಕ್ಕೆ 300ರಿಂದ 400 ವಾಟ್-ಗಂಟೆ ಕೊಡುತ್ತದೆ. ಅಂಥ ಎರಡು ಮೂರು ಫಲಕಗಳಿದ್ದರೆ ಸಣ್ಣ ಫ್ರಿಜ್, ದೀಪ, ರೇಡಿಯೋಗಳಿಗಾಗಿ ಎಂಜಿನ್ ಓಡಿಸುವ ಅಗತ್ಯ ಬಹಳಷ್ಟು ತಗ್ಗುತ್ತದೆ.