ಗೂಡುಗಳ ಗಣತಿ: ಡ್ರೋನ್ ಸ್ವಯಂಸೇವಕರ ಗಮನಕ್ಕೆ

1940ರಲ್ಲಿ ಘೋಷಿತವಾದ ರಂಗನತಿಟ್ಟು ಪಕ್ಷಿಧಾಮದಲ್ಲಿ ಬಣ್ಣದ ಕೊಕ್ಕರೆ ಮೊದಲಾದ ನೀರುಹಕ್ಕಿಗಳು ಕಾವೇರಿಯ ನಡುಗಡ್ಡೆಗಳ ಮರಗಳಲ್ಲಿ ಗೂಡು ಕಟ್ಟುತ್ತವೆ. ದೋಣಿಯಿಂದ ಎಣಿಸುವವರಿಗೆ ಎಲೆಗಳ ಮರೆಯ ಗೂಡುಗಳು ತಪ್ಪಿಹೋಗುತ್ತವೆ. ಸ್ವಯಂಸೇವಕರು ಡ್ರೋನ್ ಮೂಲಕ ಮೇಲಿನಿಂದ ತೆಗೆದ ಛಾಯಾಚಿತ್ರಗಳಲ್ಲಾದರೆ ಸಾವಕಾಶವಾಗಿ ಎಣಿಸಿ, ಮತ್ತೊಬ್ಬರ ಎಣಿಕೆಯೊಡನೆ ತಾಳೆ ನೋಡಬಹುದು. ಆದರೆ ಡ್ರೋನ್ ತೀರ ಕೆಳಗಿಳಿದಲ್ಲಿ ತಾಯಿಹಕ್ಕಿ ಗೂಡು ಬಿಟ್ಟೇಳುತ್ತದೆ. ಮೊಟ್ಟೆ, ಮರಿಗಳು ಬಿಸಿಲಿಗೂ ಕಾಗೆಗಳಿಗೂ ಈಡಾಗುತ್ತವೆ. ಹಕ್ಕಿಗಳು ಕತ್ತೆತ್ತಿ ನೋಡಿದೊಡನೆ ಡ್ರೋನನ್ನು ಹಿಂದಕ್ಕೆ ಪಡೆಯತಕ್ಕದ್ದು. ಆ ದಿನದ ಎಣಿಕೆ ಅಪೂರ್ಣವಾದರೂ ಚಿಂತೆಯಿಲ್ಲ.

2021ರ ಡ್ರೋನ್ ನಿಯಮಗಳಂತೆ 2 ಕಿಲೋಗ್ರಾಂವರೆಗಿನ ಡ್ರೋನನ್ನು ವಾಣಿಜ್ಯೇತರ ಉದ್ದೇಶಕ್ಕೆ ಹಾರಿಸಲು ಪೈಲಟ್ ಪ್ರಮಾಣಪತ್ರದ ಅಗತ್ಯವಿಲ್ಲ. ಈ ವಿನಾಯಿತಿಯನ್ನೇ ಪಕ್ಷಿಧಾಮದ ಪರವಾನಗಿಯೆಂದು ಭಾವಿಸಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿಯನ್ನು ಪ್ರತ್ಯೇಕವಾಗಿ ಪಡೆಯತಕ್ಕದ್ದು.