ಬೇಟೆ, ಮೀನುಶಿಕಾರಿ ಮತ್ತು ನಮ್ಮ ತೋಟದ ಬೇಲಿ



ತೋಟದ ಬೇಲಿಯಲ್ಲಿ ಉರುಳು ಸಿಕ್ಕಿದರೆ ಮಾಲೀಕನ ಪಾಡೇನು ಎಂದು ಸಂಘದ ಕಚೇರಿಗೆ ಬಂದು ವಿಚಾರಿಸುವವರು ಹೆಚ್ಚಾಗಿದ್ದಾರೆ. ಉತ್ತರಕ್ಕೆ ಮುಂಚೆ, ನಮ್ಮ ಮಲೆನಾಡಿನಲ್ಲಿ ಬೇಟೆಗೂ ಮೀನಿಗೂ ಹಿಂದೆ ಯಾರು ಹೋಗುತ್ತಿದ್ದರು, ಈಗ ಯಾರು ಹೋಗುತ್ತಾರೆ ಎಂಬುದನ್ನು ನೋಡುವುದು ಉಚಿತ.

ಹಿಂದಿನ ಬೇಟೆ ಊರೊಟ್ಟಿನ ಕೆಲಸ. ಹಳು ನುಗ್ಗಲು ಹತ್ತಿಪ್ಪತ್ತು ಜನ, ಜೊತೆಗೆ ನಾಯಿಗಳು. ಬಿಲ್ಲಿಗೆ ಕೂರಲು ಕೋವಿಯುಳ್ಳ ನಾಲ್ಕಾರು ಮಂದಿ. ಬಿದ್ದ ಹಂದಿಯ ಪಾಲು ಬಂದವರ ಮನೆಗೆಲ್ಲ ಹೋಗುತ್ತಿತ್ತು. ಏನು ಬಿತ್ತು, ಯಾರ ಈಡಿಗೆ ಬಿತ್ತು ಎಂಬುದು ಊರಿಗೆಲ್ಲ ಗೊತ್ತು. ಇದನ್ನು ಹೊಗಳುವ ಇಚ್ಛೆ ನಮಗಿಲ್ಲ. ಗಬ್ಬದ ಕಡವೆಯನ್ನೂ ಬಿಡದವರು ಆಗಲೂ ಇದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ದೊರೆಯುತ್ತಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಅಷ್ಟರಲ್ಲಿ ಹುಡುಗರು ಓದು, ನೌಕರಿ ಎಂದು ಪೇಟೆ ಸೇರತೊಡಗಿದ್ದರು. ಕಾಯಿದೆ ಇಲ್ಲದಿದ್ದರೂ ಹಳು ನುಗ್ಗಲು ಜನ ಸಿಗುತ್ತಿರಲಿಲ್ಲ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆಯಾದರೂ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ. ಗುರಿಯ ಪರೀಕ್ಷೆ ತೆಂಗಿನಕಾಯಿಯ ಮೇಲೆ.

ಊರಬೇಟೆ ನಿಂತ ಮೇಲೆ ಉಳಿದದ್ದು ಉರುಳು. ರಾತ್ರಿ ಒಬ್ಬನೇ ಬಂದು ಬೈಕಿನ ಕ್ಲಚ್ ತಂತಿಯನ್ನು ಹಂದಿ ದಾರಿಗೆ ಕಟ್ಟಿ ಹೋಗುತ್ತಾನೆ. ಬರುವುದು ಹಂದಿಯೋ ಚಿರತೆಯೋ ತಂತಿಗೆ ತಿಳಿಯುವುದಿಲ್ಲ. ಕಾಫಿ ತೋಟಗಳಲ್ಲಿ ಚಿರತೆಗಳು ಹೀಗೆ ಸತ್ತಿವೆ. ಕಾಯಿದೆಯ ಪ್ರಕಾರ ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಳು ಒಡ್ಡುವುದು, ವಿಷವಿಡುವುದು, ಅವುಗಳ ಪ್ರಯತ್ನ ಸಹ ಬೇಟೆಯೇ. ಚಿರತೆ ಮೊದಲನೇ ಅನುಸೂಚಿಯ ಪ್ರಾಣಿಯಾದ್ದರಿಂದ ಶಿಕ್ಷೆ 3ರಿಂದ 7 ವರ್ಷ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬೆಳೆ ರಕ್ಷಣೆಗೆಂದು ಪಡೆದ ಕೋವಿ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ.

ಆದ್ದರಿಂದ ಉರುಳು ಕಂಡರೆ ಬಿಚ್ಚಿ ಬಿಸಾಡಿ ಸುಮ್ಮನಾಗಬೇಡಿ. ಫೋಟೋ ತೆಗೆದು, ವಲಯ ಅರಣ್ಯಾಧಿಕಾರಿಗಳಿಗೆ ಬರಹದಲ್ಲಿ ತಿಳಿಸಿ, ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಪ್ರಾಣಿ ಜೀವಂತವಿದ್ದರೆ ಹತ್ತಿರ ಹೋಗದೆ ಕೂಡಲೇ ಫೋನ್ ಮಾಡಿ. ಹಂದಿಯ ಹಾವಳಿ ಸುಳ್ಳೆಂದು ನಾವು ಹೇಳುತ್ತಿಲ್ಲ. ಸಸಿ ತೋಟವನ್ನು ಒಂದೇ ರಾತ್ರಿ ಉತ್ತುಹಾಕುತ್ತದೆ. ಅದಕ್ಕೆ ಪಹಣಿಯೊಡನೆ ಪರಿಹಾರದ ಅರ್ಜಿ ಹಾಕಬೇಕು. ಹೊಡೆಯಲೇಬೇಕಾದರೆ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು.

ಮೀನಿನ ಕಥೆ ಬೇರೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನಿಗೆ ಹೆಂಗಸರು, ಮಕ್ಕಳೆನ್ನದೆ ಹೊರಡುತ್ತಿದ್ದ ಕಾಲ ಹಲವರಿಗೆ ನೆನಪಿರಬಹುದು. ಈಗ ಕರಾವಳಿಯ ಮೀನು ವ್ಯಾನಿನಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಮೊಟ್ಟೆಯಿಡಲು ಮೀನು ಏರುತ್ತಿದ್ದ ಗದ್ದೆಗಳು ಅಡಿಕೆ ತೋಟಗಳಾಗಿವೆ. ಇಲ್ಲೂ ಜನ ಕಡಿಮೆಯಾದ ಕಡೆ ಕಳ್ಳದಾರಿ ಬಂದಿದೆ: ಗುಂಡಿಗೆ ಬ್ಲೀಚಿಂಗ್ ಪುಡಿ, ಇಲ್ಲವೆ ತೋಟೆ. ಮದ್ದು ಸಿಡಿಸಿ, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯಿದೆಯಲ್ಲೇ ಅಪರಾಧ. ಶಿಶಿಲದ ಕಪಿಲಾ ಹೊಳೆಯ ದೇವರ ಮೀನುಗಳು 1996ರಲ್ಲಿ ವಿಷದಿಂದ ಸತ್ತವು; ಅವುಗಳಿಗೆ ಅಲ್ಲೊಂದು ಸ್ಮಾರಕವಿದೆ.

ಇದಕ್ಕೆ ಅಪವಾದ ಸೊರಬ, ಸಾಗರದ ಕಡೆಯ ಕೆರೆಬೇಟೆ. ಬೇಸಿಗೆಯಲ್ಲಿ ನೀರಿಳಿದಾಗ ದಿನ ಗೊತ್ತುಮಾಡಿ, ಕೂಣಿಗೆ ಇಷ್ಟೆಂದು ಹಣ ಪಡೆದು, ಒಟ್ಟಿಗೆ ಕೆರೆಗಿಳಿಸುತ್ತಾರೆ. ಕೂಣಿ ಎಂದರೆ ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ಬಾಯಿಯ ಬಿದಿರಿನ ಬುಟ್ಟಿ. ಕುಕ್ಕಿ, ಸಿಕ್ಕಿದ್ದನ್ನು ಕೈಯಿಂದ ತೆಗೆಯಬೇಕು. ಬೆಂಗಳೂರಿನ ಹುಡುಗರೂ ರಜೆ ಹಾಕಿ ಬರುತ್ತಾರೆ. ಕಟ್ಟುಪಾಡು ಇದ್ದುದರಿಂದಲೇ ಇದು ಉಳಿದಿದೆ ಎಂದು ನಮ್ಮ ಎಣಿಕೆ. ಊರ ಕೆರೆ ಇರುವ ಸದಸ್ಯರು ಪಂಚಾಯಿತಿಯೊಡನೆ ಕೂತು ಮಾತಾಡಬಹುದು.

ಹಳ್ಳದ ಮೀನಿಗೆ ನಮ್ಮ ಕೈಯಿಂದ ಆಗಬೇಕಾದದ್ದು ಇನ್ನೊಂದಿದೆ. ಮೈಲುತುತ್ತ ಮೀನಿಗೆ ವಿಷ. ನಮ್ಮ ಗೋದಾಮಿನಿಂದಲೇ ಹೋಗುವ ಮಾಲಾದ್ದರಿಂದ ಹೇಳುವುದು ನಮ್ಮ ಹೊಣೆ: ಔಷಧಿ ಹೊಡೆದ ಮೇಲೆ ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ತೊಳೆಯದೆ, ನೀರಿನಿಂದ ದೂರ ತೋಟದೊಳಗೇ ತೊಳೆಯಿರಿ. ಕಾಫಿ ಪಲ್ಪರ್ ನೀರನ್ನೂ ಗುಂಡಿಯಲ್ಲಿ ತಡೆಯಿರಿ; ಹಳ್ಳ ಬತ್ತುವ ಜನವರಿ-ಫೆಬ್ರವರಿಯಲ್ಲಿ ಅದು ಸ್ವಲ್ಪವೇ ಸೇರಿದರೂ ಮೀನು ಉಸಿರುಕಟ್ಟಿ ತೇಲುತ್ತದೆ.

— ಕಾರ್ಯದರ್ಶಿ